ಮೀನು ಸಾಕೋಕೆ ಮುಂಚೆ ನೀರು ಸಾಕಬೇಕು



ಈ ಸಲ ರಾಗಿ, ತೊಗರಿ, ತೆಂಗು ಯಾವುದೂ ಅಲ್ಲ. ಮನೆ ಒಳಗೆ ಗಾಜಿನ ತೊಟ್ಟಿಯಲ್ಲಿ ಮಕ್ಕಳಿಗೋಸ್ಕರ ಸಾಕೋ ಮೀನಿನ ಬಗ್ಗೆ ಬರೀತಿದೀನಿ. ಇವನಿಗೆ ಬೇರೆ ಕೆಲಸ ಇಲ್ವಾ ಅನ್ಕೋಬೇಡಿ. ಜಾತ್ರೆ ದಿನ ನಮ್ಮ ಬೀದಿಯಲ್ಲೇ ನಾಲ್ಕೈದು ಮನೆ ಮಕ್ಕಳು ಗಾಜಿನ ಬುರುಡೆಯಲ್ಲಿ ಬಣ್ಣದ ಮೀನು ಹಿಡ್ಕೊಂಡು ಕುಣಿಕೊಂಡು ಬಂದ್ವು. ಜಾತ್ರೆ ಮುಗಿದು ಇನ್ನೂ ಮೂರು ವಾರ ಆಗಿಲ್ಲ, ಬುರುಡೆ ಎಲ್ಲ ಖಾಲಿ. ಒಂದು ಮನೇಲಿ ಅದರೊಳಗೆ ಪ್ಲಾಸ್ಟಿಕ್ ಹೂವು ಇಟ್ಟಿದಾರೆ. ಕೇಳಿದ್ರೆ, "ಬಿಡಣ್ಣೋ, ಸಾಯೋ ಮೀನು, ಮುಂದಿನ ಜಾತ್ರೇಲಿ ಇನ್ನೊಂದು ತಂದ್ರಾಯ್ತು" ಅಂತಾರೆ.

ನನಗೆ ಈ ಮಾತು ಸರಿ ಕಾಣಲ್ಲ. ಆ ಮೀನು ಸಾಯೋ ಮೀನಲ್ಲ, ನಾವು ಸಾಯಿಸಿದ ಮೀನು. ಯಾಕೆ ಹೇಳ್ತೀನಿ ಅಂದ್ರೆ ಎರಡು ವರ್ಷದ ಹಿಂದೆ ನಾನೇ ಸಾಯಿಸಿದೀನಿ.

ನಮ್ಮ ಮೊಮ್ಮಗಳು ನಮ್ಮನೇಲೇ ಇದ್ದು ಶಾಲೆಗೆ ಹೋಗ್ತಾಳೆ. ಆಗ ಎರಡನೇ ಕ್ಲಾಸು. ಜಾತ್ರೇಲಿ ಹಟ ಹಿಡಿದ್ಲು ಅಂತ ಒಂದು ಬುರುಡೆ, ಎರಡು ಗೋಲ್ಡ್ ಫಿಶ್ ಕೊಡಿಸಿದೆ. ನಾಲ್ಕನೇ ದಿನ "ತಾತ, ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತೈತೆ, ಹಸಿವಾಗೈತೇನೋ" ಅಂದ್ಲು. ನೀರು ಗಲೀಜಾಗಿದೆ ಅಂತ ನಾನು ಪೂರ್ತಿ ನೀರು ಚೆಲ್ಲಿ, ಕಲ್ಲನ್ನೆಲ್ಲ ಪಾತ್ರೆ ತೊಳೆಯೋ ಸೋಪಿನಲ್ಲಿ ಉಜ್ಜಿ, ಬೋರ್ ಆನ್ ಮಾಡಿ ಹೊಸ ನೀರು ತುಂಬಿದೆ. ಫಳ ಫಳ ಅಂತಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಎರಡೂ ಅಂಗಾತ ತೇಲ್ತಿದ್ವು.

ಆಗ ನನ್ನ ಬಾಯಿಂದ ಬಂದ ಮಾತು: "ನೀನು ಕೈತುಂಬ ಊಟ ಸುರಿದೆ, ಅದಕ್ಕೇ ಸತ್ತೋದ್ವು." ಮಗು ಏನೂ ಮಾತಾಡಲಿಲ್ಲ. ಆದರೆ ದಿನಾ ಸಂಜೆ ಕರುಗೆ ಹುಲ್ಲು ಹಾಕ್ತಿದ್ದವಳು ಅವತ್ತಿಂದ ಕೊಟ್ಟಿಗೆ ಕಡೆ ಬರೋದೇ ಬಿಟ್ಟಳು. ನಮ್ಮನೆಯವರು ಕರೆದು ಕೇಳಿದ್ರೆ, "ನಾನು ಹಾಕಿದ್ರೆ ಅದೂ ಸತ್ತೋಗ್ತದೆ ಅಜ್ಜಿ" ಅಂದಳಂತೆ. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಇಳೀಲಿಲ್ಲ.

ಪಕ್ಕದೂರಲ್ಲಿ ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿರೋ ಸ್ನೇಹಿತರೊಬ್ಬರಿದಾರೆ. ಅವರಿಗೆ ಇದನ್ನ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊಂಡಕ್ಕೆ ನೀರು ಬಿಟ್ಟ ದಿನಾನೇ ಮೀನುಮರಿ ಬಿಡ್ತೀವೇನಪ್ಪ?" ಇಲ್ಲ. ಸುಣ್ಣ ಹಾಕ್ತೀವಿ, ಸಗಣಿ ಹಾಕ್ತೀವಿ, ನೀರು ಹಸಿರು ತಿರುಗಿ ಹದಕ್ಕೆ ಬರೋವರೆಗೂ ಹದಿನೈದು ದಿನ ಕಾಯ್ತೀವಿ. ಗಾಜಿನ ತೊಟ್ಟಿಗೂ ಕಾಯೋ ಲೆಕ್ಕ ಇದೆ. (ಹಾಗಂತ ತೊಟ್ಟಿಗೆ ಸಗಣಿ ಹಾಕೀರಿ ಮತ್ತೆ! ಅದು ಹೊಂಡಕ್ಕೆ ಮಾತ್ರ.)

ವಿಷಯ ಏನಪ್ಪ ಅಂದ್ರೆ, ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತೆ. ಅದರ ಹಿಕ್ಕೆ, ತಿನ್ನದೆ ಉಳಿದ ಊಟ ಕೊಳೆತರೂ ಅಮೋನಿಯಾನೇ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಯೋ ಘಾಟು ಬರುತ್ತಲ್ಲ, ಅದೇ. ಹೊಂಡದಲ್ಲಿ, ಕೆರೆಯಲ್ಲಿ ಅದನ್ನ ತಿನ್ನೋ ಜೀವಾಣುಗಳು ಕೋಟಿಗಟ್ಟಲೆ ಇರ್ತವೆ. ಒಂದು ಜಾತಿ ಜೀವಾಣು ಅಮೋನಿಯಾನ ನೈಟ್ರೈಟ್ ಮಾಡುತ್ತೆ. ಅದೂ ವಿಷವೇ, ರಕ್ತಕ್ಕೆ ಸೇರಿ ಮೀನಿಗೆ ಉಸಿರು ಕಟ್ಟಿಸುತ್ತೆ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನಿಗೆ ಅಷ್ಟು ತೊಂದರೆ ಇಲ್ಲ, ಗಿಡಕ್ಕೆ ಗೊಬ್ಬರ. ನಾವು ಹೊಲಕ್ಕೆ ಯೂರಿಯಾ ಹಾಕಿದಾಗ ಮಣ್ಣಲ್ಲಿ ನಡೆಯೋದೂ ಇದೇ ಕೆಲಸ. ಮಣ್ಣಲ್ಲಿ ಜೀವ ಇರಬೇಕು ಅಂತ ಜೀವಾಮೃತ ಹಾಕೋ ನಾವು, ನೀರಲ್ಲೂ ಜೀವ ಇರಬೇಕು ಅನ್ನೋದನ್ನ ಮರೆತುಬಿಟ್ಟಿದೀವಿ.

ಹೊಸ ತೊಟ್ಟಿಯಲ್ಲಿ ಈ ಜೀವಾಣು ಇರಲ್ಲ. ನೀರು ಕನ್ನಡಿ ಹಂಗೆ ಇರುತ್ತೆ, ಒಳಗೆ ವಿಷ ಏರ್ತಾ ಇರುತ್ತೆ. ತಿಳಿ ನೀರೆಲ್ಲ ಒಳ್ಳೆ ನೀರಲ್ಲ. ನಾನು ಮಾಡಿದ್ದು ಎರಡು ತಪ್ಪು. ಹದ ಬರದ ನೀರಿಗೆ ಮೀನು ಬಿಟ್ಟೆ. ಆಮೇಲೆ ಕಲ್ಲಿಗೆ ಅಂಟಿಕೊಂಡು ಆಗತಾನೆ ಹುಟ್ಟುತ್ತಿದ್ದ ಜೀವಾಣುನೂ ಸೋಪು ಹಾಕಿ ತೊಳೆದುಬಿಟ್ಟೆ. ಜೊತೆಗೆ ಸೋಪಿನ ಪಸೆ ಬೇರೆ. ಮಗು ಎರಡು ಕಾಳು ಜಾಸ್ತಿ ಹಾಕಿದ್ದು ಇದರ ಮುಂದೆ ಏನೂ ಅಲ್ಲ.

ಮನೆಗೆ ಬಂದು ಮೊಮ್ಮಗಳನ್ನ ಜಗಲಿ ಮೇಲೆ ಕೂರಿಸಿಕೊಂಡು ಹೇಳಿದೆ: "ಮಗ, ಮೀನು ಸತ್ತಿದ್ದು ನಿನ್ನಿಂದ ಅಲ್ಲ. ನನಗೆ ಗೊತ್ತಿಲ್ದೆ ನಾನು ತಪ್ಪು ಮಾಡ್ದೆ, ನಿನ್ನ ಮೇಲೆ ಹಾಕ್ದೆ." ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹಂಗಾದ್ರೆ ಕರುಗೆ ಹುಲ್ಲು ಹಾಕ್ಲಾ?" ಅಂದಳು.

ಆಮೇಲೆ ಎರಡನೇ ಸಲ ಸರಿಯಾಗಿ ಮಾಡಿದ್ವಿ. ಹೆಂಗೆ ಅಂತ ಹೇಳ್ತೀನಿ.

ಬುರುಡೆ ಬೇಡವೇ ಬೇಡ. ಮೂರು ನಾಲ್ಕು ಲೀಟರ್ ನೀರಲ್ಲಿ ಗೋಲ್ಡ್ ಫಿಶ್ ಸಾಕೋದು, ಹೋರಿಕರುನ ಕೋಳಿಗೂಡಲ್ಲಿ ಕಟ್ಟಿದಂಗೆ. ಅದು ಗೇಣುದ್ದ ಬೆಳೆಯೋ ಮೀನು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ತಗೊಳ್ಳಿ. ಸುಮಾರು 50 ಲೀಟರ್ ನೀರು ಹಿಡಿಯುತ್ತೆ. ನೀರು ಜಾಸ್ತಿ ಇದ್ದಷ್ಟೂ ನಮ್ಮ ತಪ್ಪನ್ನ ತಡ್ಕೊಳ್ಳುತ್ತೆ. ನೀರೇ 50 ಕೆಜಿ ಆಯ್ತು, ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ, ಗಟ್ಟಿ ಬೆಂಚು ನೋಡಿ. ಬಿಸಿಲು ಬೀಳೋ ಕಿಟಕಿ ಹತ್ರ ಇಟ್ರೆ ಗಾಜೆಲ್ಲ ಪಾಚಿ ಕಟ್ಟುತ್ತೆ.

ನೀರಿನ ವಿಷಯಕ್ಕೆ ಬರೋಣ. ಪಂಚಾಯ್ತಿ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಆ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತೆ, ಜೀವಾಣುನೂ ಕೊಲ್ಲುತ್ತೆ. ಬಾಯಿ ತೆರೆದ ಬಕೆಟ್ಟಲ್ಲಿ ಒಂದು ದಿನ ಪೂರ್ತಿ ಇಟ್ಟು ಬಳಸಿ. ಬೋರಿನ ನೀರನ್ನೂ ಒಂದು ರಾತ್ರಿ ಹಂಗೇ ಇಡಿ, ಗಾಳಿ ಕುಡೀಲಿ. ಕೆಲವರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಸುರೀತಾರೆ, ಮೀನಿಗೆ ಒಳ್ಳೇದು ಅಂತ. ಅದರಲ್ಲಿ ಲವಣವೇ ಬಹುಪಾಲು ತೆಗೆದುಬಿಟ್ಟಿರ್ತಾರೆ. ಗಪ್ಪಿ, ಮೋಲಿ ಮೀನಿಗೆ ನಮ್ಮ ಗಡಸು ನೀರೇ ಹಿಡಿಸುತ್ತೆ.

ಫಿಲ್ಟರಿಗೆ ಗಾಳಿ ಮೋಟರಿನಿಂದ ಓಡೋ ಸ್ಪಂಜು ಸಾಕು. ಕಲ್ಲು, ಸ್ಪಂಜು, ನೀರು ಹಾಕಿ ಓಡಿಸಿ. ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕಿ, ಮೀನು ಇಲ್ಲದೇನೇ. ಅದು ಕೊಳೆತು ಅಮೋನಿಯಾ ಆಗಿ ಜೀವಾಣುಗೆ ಆಹಾರ ಆಗುತ್ತೆ. ಹಿಂಗೆ ನಾಲ್ಕರಿಂದ ಆರು ವಾರ. ಮಧ್ಯದಲ್ಲಿ ನೀರು ಹಾಲಿನ ಹಂಗೆ ಮಬ್ಬಾಗಬಹುದು, ಗಾಬರಿಯಾಗಿ ಚೆಲ್ಲಬೇಡಿ. ಬೇಗ ಆಗಬೇಕು ಅಂದ್ರೆ ಹೆಪ್ಪು ಹಾಕಿ. ಮೀನು ಆರೋಗ್ಯವಾಗಿರೋ ಹಳೆ ತೊಟ್ಟಿಯಿಂದ ಒಂದು ತುಂಡು ಸ್ಪಂಜು, ಒಂದು ಹಿಡಿ ಕಲ್ಲು ತಂದು ಹಾಕಿದ್ರೆ, ಹಾಲಿಗೆ ಮೊಸರು ಬಿಟ್ಟಂಗೆ. ಅಮೋನಿಯಾ, ನೈಟ್ರೈಟ್ ನೋಡೋ ಕಿಟ್ ಬಣ್ಣದ ಮೀನಿನ ಅಂಗಡಿಯಲ್ಲಿ ಸಿಗುತ್ತೆ. ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತನ್ನಿ.

ನಾವು ಐದು ವಾರ ಕಾದ್ವಿ. ಮೊಮ್ಮಗಳು ದಿನಾ ಶಾಲೆಯಿಂದ ಬಂದು ಖಾಲಿ ತೊಟ್ಟಿ ನೋಡಿ, ಕ್ಯಾಲೆಂಡರಲ್ಲಿ ಒಂದು ಗೀಟು ಹಾಕ್ತಿದ್ಲು. ಬಂದವರು "ಮೀನೇ ಇಲ್ವಲ್ಲ" ಅಂದ್ರೆ, "ನೀರು ಸಾಕ್ತಾ ಇದೀವಿ" ಅಂತಿದ್ಲು. ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲದ ಮಾತು ಅದು.

ಮೊದಲಿಗೆ ಗಪ್ಪಿ ಒಳ್ಳೇದು. ಮೂರೇ ಮೂರು ತನ್ನಿ, ಹದಿನೈದು ದಿನ ಬಿಟ್ಟು ಇನ್ನೆರಡು. ಬಣ್ಣದ ಬಾಲದ ಗಂಡು ಮಾತ್ರ ತಗೊಳ್ಳಿ. ಒಂದು ಹೆಣ್ಣು ಸೇರಿದ್ರೂ ಹೆಚ್ಚುಕಮ್ಮಿ ತಿಂಗಳಿಗೊಂದು ಸಲ ಹತ್ತಾರು ಮರಿ ಹಾಕುತ್ತೆ, ಆಮೇಲೆ ಎಲ್ಲಿ ಬಿಡ್ತೀರಿ? ನಮ್ಮ ಕಡೆ ಹವಾಕ್ಕೆ ಮನೆ ಒಳಗೆ ಇಟ್ರೆ ಹೀಟರ್ ಬೇಕಾಗಲ್ಲ. ತಂದ ಕವರನ್ನ ಕಾಲು ಗಂಟೆ ನೀರ ಮೇಲೆ ತೇಲಿಸಿ, ಮೀನನ್ನ ಮಾತ್ರ ಬಲೆಯಲ್ಲಿ ತೊಟ್ಟಿಗೆ ಬಿಡಿ, ಅಂಗಡಿ ನೀರು ಬೇಡ.

ಊಟ ಎರಡು ನಿಮಿಷದಲ್ಲಿ ಖಾಲಿ ಆಗೋವಷ್ಟು ಮಾತ್ರ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಅಭ್ಯಾಸ ಆದ ನಮ್ಮನೆಯವರು ಇಲ್ಲೂ ಒಂದು ಹಿಡಿ ಪುರಿ ಹಾಕಿದ್ರು. ಅದು ಹರಿಯೋ ಹೊಳೆ, ಇದು ನಿಂತ ನೀರು. ವಾರಕ್ಕೊಂದು ದಿನ ಉಪವಾಸ ಇಟ್ರೆ ಒಳ್ಳೇದೇ, ನಮ್ಮನೆ ಮೀನಿಗೆ ಶನಿವಾರ ಒಪ್ಪತ್ತೂ ಇಲ್ಲ. ನಮ್ಮ ಗಡಸು ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜೋರು, ಅದಕ್ಕೇ ಕಮ್ಮಿ ಊಟನೇ ಕ್ಷೇಮ.

ವಾರಕ್ಕೊಂದು ಸಲ ಕಾಲುಭಾಗ ನೀರು ಮಾತ್ರ ಬದಲಿಸಿ. ಹಳೆ ಡ್ರಿಪ್ ಲ್ಯಾಟರಲ್ ಪೈಪಿನ ತುಂಡಿಗೆ ನೀರು ತುಂಬಿ, ಒಂದು ತುದಿ ತೊಟ್ಟಿಯ ತಳಕ್ಕೆ, ಇನ್ನೊಂದು ಕೆಳಗಿರೋ ಬಕೆಟ್ಟಿಗೆ ಬಿಟ್ರೆ ಗಸಿ ಎಲ್ಲ ಎಳ್ಕೊಂಡು ಬರುತ್ತೆ. ಸ್ಪಂಜನ್ನ ಆ ತೆಗೆದ ನೀರಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡೀಬೇಡಿ. ಆ ನೀರು ಕರಿಬೇವಿನ ಗಿಡಕ್ಕೆ ಹಾಕಿ ನೋಡಿ, ಆಮೇಲೆ ನನ್ನನ್ನ ನೆನೆಸ್ಕೋತೀರ. ಮೀನು ಮೇಲೆ ಬಂದು ಬಾಯಿ ಬಿಟ್ರೆ ಅದು ಹಸಿವಲ್ಲ. ಊಟ ನಿಲ್ಲಿಸಿ, ಮೂರನೇ ಒಂದು ಭಾಗ ನೀರು ಬದಲಿಸಿ. ಕರೆಂಟ್ ಜಾಸ್ತಿ ಹೊತ್ತು ಹೋದ್ರೆ ಚೊಂಬಲ್ಲಿ ತೊಟ್ಟಿ ನೀರನ್ನೇ ಎತ್ತಿ ಎತ್ತಿ ಸುರಿದ್ರೆ ಗಾಳಿ ಸೇರುತ್ತೆ.

ಇನ್ನು ರೈತರ ಮನೆಗೇ ಅಂತ ಒಂದು ಮಾತು. ನಾವು ಹೊಡೆಯೋ ಸೈಪರ್‌ಮೆತ್ರಿನ್, ಲ್ಯಾಂಬ್ಡಾ ತರದ ಔಷಧಿ ಮೀನಿಗೆ ಯಮ. ತೊಟ್ಟಿಯ ಬಕೆಟ್, ಪೈಪು ಬೇರೆನೇ ಇರಲಿ, ಸ್ಪ್ರೇ ಸಾಮಾನಿನ ಹತ್ರ ಸೇರಿಸಬೇಡಿ. ಔಷಧಿ ಹೊಡೆದ ದಿನ ತೊಟ್ಟಿಗೆ ಕೈ ಹಾಕಬೇಡಿ. ಬೋರ್ಡೋ ಹೊಡೆದ ಕೈಯೂ ಅಷ್ಟೇ, ಮೈಲುತುತ್ತ ಮೀನಿಗೆ ಆಗಲ್ಲ. ಸೊಳ್ಳೆ ಓಡಿಸೋ ಕಾಯಿಲ್ಲು, ಲಿಕ್ವಿಡ್ಡಲ್ಲಿ ಇರೋದೂ ಬಹುಪಾಲು ಅದೇ ಜಾತಿ ಔಷಧಿ. ಗಾಳಿ ಮೋಟರು ಆ ಹೊಗೆನ ಎಳೆದು ನೇರ ನೀರಿಗೆ ಬಿಡುತ್ತೆ. ಮೀನು ಇರೋ ರೂಮಲ್ಲಿ ಹಚ್ಚಬೇಡಿ. ಅದೇ ರೂಮಲ್ಲಿ ಮಗು ಮಲಗಿರುತ್ತೆ ಅನ್ನೋದನ್ನೂ ಯೋಚನೆ ಮಾಡಿ.

ಸಾಕೋಕೆ ಆಗ್ಲಿಲ್ಲ ಅಂತ ದಯವಿಟ್ಟು ಕೆರೆಗೆ ಬಿಡಬೇಡಿ. ಪುಣ್ಯದ ಕೆಲಸ ಅನ್ಕೊಂಡು ಬಿಡ್ತಾರೆ. ಗಾಜು ತೊಳೆಯುತ್ತೆ ಅಂತ ಅಂಗಡಿಯಲ್ಲಿ ಕೊಡೋ ಸಕ್ಕರ್ ಮೀನು ಒಂದು ಅಡಿಗಿಂತ ಉದ್ದ ಬೆಳೆಯುತ್ತೆ, ಮೈಯೆಲ್ಲ ಮುಳ್ಳು. ಅದು ಎಷ್ಟೋ ಕೆರೆ ಸೇರಿ ಮೀನುಗಾರರ ಬಲೆ ಹರೀತಿದೆ. ಗಪ್ಪಿ ಬೇರೆ ಮೀನಿನ ಮರಿ ತಿನ್ನುತ್ತೆ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಡ್ತಾರಲ್ಲ ಅಂತೀರಿ. ಎಲ್ಲಿ ಬಿಡಬೇಕು ಅನ್ನೋದು ಅವರ ಲೆಕ್ಕಕ್ಕೇ ಇರಲಿ. ಕೆರೆ ಮುಚ್ಚಿಕೊಂಡಿರೋ ನೇರಳೆ ಹೂವಿನ ಅಂತರಗಂಗೆನೂ ಚಂದದ ಹೂವು ಅಂತಲೇ ಹೊರದೇಶದಿಂದ ಬಂದಿದ್ದು. ಬೇಡವಾದ ಮೀನು ಅಂಗಡಿಗೋ, ಸಾಕೋ ಇನ್ನೊಂದು ಮನೆಗೋ ಕೊಡಿ.

"ಕೆರೆ ಮೀನು ಹಿಡಿದು ಸಾರು ಮಾಡ್ತೀವಿ, ಈ ಎರಡು ಗುಲಗಂಜಿ ಮೀನಿಗೆ ಇಷ್ಟು ಪುರಾಣ ಯಾಕೆ?" ಅಂತ ಒಬ್ಬರು ಡೈರಿ ಹತ್ರ ನಕ್ಕರು. ತಿನ್ನೋದು ಬೇರೆ. ಆದರೆ ತಂದು ಕಟ್ಟಿದ ಮೇಲೆ ಮೇವು ನೀರು ನಮ್ಮ ಋಣ. ಹಸುಗೆ ಹಗ್ಗ ಬಿಚ್ಚಿದ್ರೆ ಹಳ್ಳಕ್ಕಾದರೂ ಹೋಗಿ ನೀರು ಕುಡಿಯುತ್ತೆ. ಗಾಜಿನೊಳಗಿನ ಮೀನು ಎಲ್ಲಿಗೆ ಹೋಗಬೇಕು? ಅದಕ್ಕಿಂತ ದೊಡ್ಡದು, ಮಗು ಮೊದಲನೇ ಸಲ ಒಂದು ಜೀವ ತನ್ನ ಕೈಯಲ್ಲಿದೆ ಅಂತ ತಿಳ್ಕೊಳ್ಳೋದು ಅಲ್ಲೇ. ಸತ್ರೆ ಇನ್ನೊಂದು ಅಂತ ಕಲಿಸಿದ್ರೆ ನಾಳೆ ಕರುಗೂ ಹಂಗೇ ಅಂತದೆ. ನನ್ನ ಹಂಗೆ ಮಗುನ ಮೇಲೆ ತಪ್ಪು ಹೊರಿಸಿದ್ರೆ ಜೀವ ಮುಟ್ಟೋಕೇ ಹೆದರುತ್ತೆ. ಎರಡೂ ಬೇಡ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ. ಐದಾರು ವಾರ ಖಾಲಿ ತೊಟ್ಟಿ ನೋಡಿಕೊಂಡು ಕಾಯೋಕೆ ದೊಡ್ಡವರಾದ ನಮಗೆ ಆಗಲ್ಲ ಅಂದ್ರೆ, ಮಕ್ಕಳಿಗೆ ಮೀನು ಕೊಡಿಸಬಾರದು. ಜಾತ್ರೇಲಿ ಪೀಪಿ ಕೊಡಿಸಿ, ಬತ್ತಾಸು ಕೊಡಿಸಿ, ಬುರುಡೆ ಬೇಡ.

ನಮ್ಮನೇಲಿ ಈಗ ಐದು ಗಂಡು ಗಪ್ಪಿ ಇವೆ. ಹೋದ ವರ್ಷ ಒಂದು ವಯಸ್ಸಾಗಿ ಸತ್ತಾಗ ಮೊಮ್ಮಗಳು ಅತ್ತಳು, ದಾಸವಾಳದ ಬುಡದಲ್ಲಿ ಹೂತಳು. ಆದರೆ ಸಂಜೆ ಕರುಗೆ ಹುಲ್ಲು ಹಾಕೋದು ಮಾತ್ರ ತಪ್ಪಿಸಲಿಲ್ಲ.

ಯಾರಾದ್ರೂ ಹೊಸದಾಗಿ ತೊಟ್ಟಿ ಇಡೋರಿದ್ರೆ ಸಂಜೆ ಡೈರಿ ಹತ್ರ ಸಿಗಿ. ಹೆಪ್ಪಿಗೆ ಒಂದು ಹಿಡಿ ಕಲ್ಲು ಕೊಡ್ತೀನಿ. ದುಡ್ಡು ಬೇಡ.