ಗೀಸರ್ ರಿಪೇರಿ ಆಯ್ತು, ಬಾತ್‌ರೂಮ್ ರಿಪೇರಿ ಯಾವಾಗ?

ಪೇಪರಿನವರ ಮೇಲೆ ನನ್ನದೊಂದು ತಕರಾರು ಉಂಟು. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್‌ನಿಂದ ಯಾರಾದರೂ ಸತ್ತರೆ ಮರುದಿನದ ಹೆಡ್ಡಿಂಗು ಹೆಚ್ಚುಕಮ್ಮಿ ಒಂದೇ ಥರ: "ಗೀಸರ್ ಅನಿಲ ಸೋರಿಕೆ". 2023ರ ಜೂನಿನಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಇಬ್ಬರು ಹೋದರು, 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಅಕ್ಕತಂಗಿಯರಿಬ್ಬರು. ಒಂದೊಂದು ಸಾವಿನ ತೀರ್ಮಾನ ತನಿಖೆಯವರಿಗೆ ಬಿಟ್ಟದ್ದು. ನನ್ನ ಜಗಳ ಆ "ಸೋರಿಕೆ" ಅನ್ನುವ ಪದದ ಜೊತೆ ಮಾತ್ರ. ಸುದ್ದಿ ಓದಿದವರು ಏನು ಮಾಡ್ತಾರೆ? ರಬ್ಬರ್ ಪೈಪಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರಲಿಲ್ಲ ಅಂತ ನೆಮ್ಮದಿಯಿಂದ ಸ್ನಾನಕ್ಕೆ ಹೋಗ್ತಾರೆ. ಒಂಚೂರೂ ಲೀಕ್ ಇಲ್ಲದ ಗೀಸರ್ ಕೂಡ ಕೊಲ್ಲಬಹುದು ಮಾರಾಯ್ರೆ. ಯಾಕಂದ್ರೆ ಕೊಲ್ಲುವುದು ಸಿಲಿಂಡರಿನಿಂದ ಬರುವ ಗ್ಯಾಸ್ ಅಲ್ಲ, ಆ ಗ್ಯಾಸ್ ಅರ್ಧಂಬರ್ಧ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್. ಅಡುಗೆ ಅನಿಲಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಈ ವಿಷಯ ತಲೆಗೆ ಹೊಕ್ಕಿದ್ದು ಜೆಪ್ಪಿನ ನಮ್ಮ ಬಾಡಿಗೆ ಮನೆಗೆ ಬಂದಮೇಲೆ. ಮನೆಯ ಜೊತೆ ಒಂದು ಮುದಿ ಗ್ಯಾಸ್ ಗೀಸರ್ ಕೂಡ ಬಂತು, ಬಾತ್‌ರೂಮಿನ ಒಳಗೇ ಗೋಡೆಗೆ ನೇತುಹಾಕಿದ್ದು. ನಲ್ಲಿ ತಿರುಗಿಸಿದರೆ ಟಕ್ ಟಕ್ ಅನ್ನುತ್ತಿತ್ತೇ ಹೊರತು ಬೆಂಕಿ ಹಿಡಿಯುತ್ತಿರಲಿಲ್ಲ. ರಿಪೇರಿಯವರು ಬಂದರು. ಎರಡು ದಪ್ಪ ಬ್ಯಾಟರಿ ಬದಲಿಸಿದರು, ನೀರಿನ ಫಿಲ್ಟರಿನಿಂದ ಮರಳು ತೆಗೆದರು, ಗಟ್ಟಿಯಾಗಿದ್ದ ರಬ್ಬರ್ ಡಯಾಫ್ರಂ ಹೊಸದು ಹಾಕಿದರು. ಭಗ್ ಅಂತ ಹಿಡಿಯಿತು. "ಬೆಂಕಿ ಬಂತಲ್ಲ ಸರ್, ಇನ್ನೆಂತ ಸಮಸ್ಯೆ ಇಲ್ಲ" ಅಂದರು. ಕಂಪೈಲ್ ಆಯ್ತು ಅಂದಮೇಲೆ ಬಗ್ ಎಲ್ಲಿಂದ ಬರುತ್ತೆ ಅಂತ ಕೇಳಿದ ಹಾಗಾಯ್ತು :-)

ಅವರನ್ನು ಬೈಯ್ಯುವುದು ನನ್ನ ಉದ್ದೇಶ ಅಲ್ಲ. ಹೇಳಿದ ಕೆಲಸ ಚೊಕ್ಕವಾಗಿ ಮಾಡಿದರು. ಆ ಡಯಾಫ್ರಂ ಒಂದು ಚಂದದ ಉಪಾಯ ಕೂಡ. ನೀರು ಹರಿದಾಗ ಅದರ ಒತ್ತಡಕ್ಕೆ ರಬ್ಬರ್ ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಸ್ವಿಚ್ ಒತ್ತುತ್ತದೆ, ಕಿಡಿ ಹಾರುತ್ತದೆ, ಗ್ಯಾಸ್ ತೆರೆಯುತ್ತದೆ. ನೀರು ನಿಂತರೆ ಎಲ್ಲ ಬಂದ್. ಬೆಂಕಿ ಆರಿದರೆ ಗ್ಯಾಸ್ ನಿಲ್ಲಿಸಲು ಒಂದು ಸೆನ್ಸರ್, ಅತಿ ಬಿಸಿಯಾದರೆ ಇನ್ನೊಂದು, ಹಲವು ಮಾಡೆಲ್‌ಗಳಲ್ಲಿ 20 ನಿಮಿಷದ ಟೈಮರ್. ಇವೆಲ್ಲ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುತ್ತವೆ. ಆದರೆ ಗಮನಿಸಿ, ನೀರನ್ನು, ಬೆಂಕಿಯನ್ನು, ಶಾಖವನ್ನು, ಹೊತ್ತನ್ನು ಅಳೆಯುವ ಈ ಪಟ್ಟಿಯಲ್ಲಿ ನೀವು ಉಸಿರಾಡುವ ಗಾಳಿಯನ್ನು ಅಳೆಯುವುದು ಒಂದೂ ಇಲ್ಲ.

ಸ್ವಲ್ಪ ಲೆಕ್ಕ ಮಾಡೋಣ, ಬೋರಾದರೆ ಕ್ಷಮಿಸಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 10 ಕಿಲೋವ್ಯಾಟ್ ಬೇಕು. ಅಡುಗೆಮನೆಯ ನಾಲ್ಕೈದು ಒಲೆ ಒಟ್ಟಿಗೆ ದೊಡ್ಡ ಉರಿಯಲ್ಲಿ ಹಚ್ಚಿದಷ್ಟು. ಪೋಲಾಗುವ ಶಾಖವನ್ನೂ ಸೇರಿಸಿದರೆ ನಿಮಿಷಕ್ಕೆ ಹದಿನಾರು ಹದಿನೇಳು ಗ್ರಾಂ ಗ್ಯಾಸ್. ಒಂದು ಕೆಜಿ ಗ್ಯಾಸ್ ಪೂರ್ತಿ ಉರಿಯಲು 15 ಕೆಜಿಗಿಂತ ಹೆಚ್ಚು ಗಾಳಿ ಬೇಕು. ಅಂದರೆ ನಿಮಿಷಕ್ಕೆ 200 ಲೀಟರ್‌ಗೂ ಮಿಕ್ಕಿ ಗಾಳಿ. ಐದಡಿ ನಾಲ್ಕಡಿಯ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರುವುದೇ ಸುಮಾರು 4500 ಲೀಟರ್. ಕಿಟಕಿ ಮುಚ್ಚಿ ಹತ್ತು ನಿಮಿಷ ಸ್ನಾನ ಮಾಡಿದರೆ ಗೀಸರ್ ಆ ಗಾಳಿಯ ಹತ್ತಿರ ಹತ್ತಿರ ಅರ್ಧವನ್ನು ತನ್ನ ಒಳಗಿಂದ ಹಾಯಿಸಿ ಹೊರಬಿಟ್ಟಿರುತ್ತದೆ. ಆಮ್ಲಜನಕ ಇಳಿದಂತೆ ಉರಿ ಕೆಡುತ್ತದೆ, ಉರಿ ಕೆಟ್ಟಂತೆ ವಿಷ ಏರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಈ ವಿಷಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕಾಲಿನಲ್ಲಿ ಬಲ ಇಲ್ಲ. ಬಾಗಿಲಿಗೆ ಒಳಗಿಂದ ಚಿಲಕ.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಉಂಟಲ್ಲ ಅಂತ ನಂಬಿ ಕೂರಬೇಡಿ. ಅದು ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ಗುರುತಿಸುವುದಿಲ್ಲ. ಮನುಷ್ಯ ಬಿದ್ದಿದ್ದರೂ 98 ಅಂತ ತೋರಿಸಬಹುದು.

ನಮ್ಮೂರಿನಲ್ಲಿ ಇದಕ್ಕೊಂದು ಹೆಚ್ಚುವರಿ ತಿರುವು ಉಂಟು. ಮಂಗಳೂರು ಅಂದರೆ ಸೊಳ್ಳೆ, ಸೊಳ್ಳೆ ಅಂದರೆ ಮಲೇರಿಯಾ. ಹಾಗಾಗಿ ಬಾತ್‌ರೂಮಿನ ವೆಂಟಿಲೇಟರಿಗೆ ಮೊದಲು ಬಲೆ, ಮಳೆಯ ಎರಚಲು ಬಂದಾಗ ಅದರ ಮೇಲೆ ಪ್ಲಾಸ್ಟಿಕ್. ಒಂದು ರೋಗದಿಂದ ತಪ್ಪಿಸಿಕೊಳ್ಳಲು ಇರುವ ಒಂದೇ ಮೂಗನ್ನು ಮುಚ್ಚುತ್ತೇವೆ. ಸಮುದ್ರದ ಉಪ್ಪುಗಾಳಿಗೆ ಬರ್ನರ್ ತುಕ್ಕು ಹಿಡಿಯುತ್ತದೆ, ಗಾಳಿ ಸೇರುವ ತೂತಿನಲ್ಲಿ ಜೇಡ ಬಲೆ ಕಟ್ಟುತ್ತದೆ. ನೀಲಿ ಇರಬೇಕಾದ ಜ್ವಾಲೆ ಹಳದಿಯಾಗಿ ತಾಮ್ರದ ರೆಕ್ಕೆಗಳಿಗೆ ಮಸಿ ಕಟ್ಟುತ್ತದೆ.

ಹಿಂದಿನವರು ಬುದ್ಧಿವಂತರು ಅಂತ ಹೊಗಳುವ ಚಾಳಿ ನನಗಿಲ್ಲ. ಆದರೆ ಬಚ್ಚಲಿನ ಹಂಡೆಯ ಒಲೆಗೆ ಬಾಯಿ ಹೊರಗಿನಿಂದ ಇರುತ್ತಿತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಮಡಲು, ಗೆರಟೆ, ತೆಂಗಿನ ಸಿಪ್ಪೆ ಉರಿಯುತ್ತಿದ್ದದ್ದು ಅಂಗಳದ ಕಡೆ, ನೀರು ಕಾಯುತ್ತಿದ್ದದ್ದು ಒಳಗೆ. ಮೇಲೆ ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಜೆಪ್ಪಿನಲ್ಲಿ, ನೇತ್ರಾವತಿ ದಡದಲ್ಲಿ. ಹಂಚಿನ ಸಂದುಗಳಲ್ಲಿ ಮನೆ ತಾನೇ ಉಸಿರಾಡುತ್ತಿತ್ತು. ಈಗ ಅದೇ ಜೆಪ್ಪಿನಲ್ಲಿ ಹಂಚಿನ ಮನೆ ಇಳಿಸಿ ಕಾಂಕ್ರೀಟ್ ಫ್ಲಾಟ್ ಏಳಿಸುತ್ತೇವೆ, ಗೋಡೆಗೆ ಸೀಲಿಂಗ್‌ವರೆಗೆ ಟೈಲ್ಸ್, ಬಾಗಿಲಿಗೆ ಸಂದಿಲ್ಲದ ಫೈಬರ್. ಒಲೆಯನ್ನು ಮಾತ್ರ ಒಳಗೆ ತಂದಿಟ್ಟಿದ್ದೇವೆ.

ಒಂಥರಾ ದೋಣಿಯ ಕ್ಯಾಬಿನ್ ಅದು. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರು ಬಹಳ ಮಂದಿ ಇದ್ದಾರೆ, ಇಂಥದೇ ಗ್ಯಾಸ್ ಗೀಸರ್‌ಗಳನ್ನು ಬಳಸುತ್ತಾರೆ. ಅಲ್ಲಿ ದೋಣಿ ಸುರಕ್ಷತೆಯ ನಿಯಮ 2019ರ ಏಪ್ರಿಲ್‌ನಿಂದ ವಾಸದ ಕ್ಯಾಬಿನ್ ಇರುವ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿತು. ನಮ್ಮ ದಕ್ಕೆಯಲ್ಲಿ ಜೂನ್ ಒಂದರಿಂದ 61 ದಿನ ಮೀನುಗಾರಿಕೆ ನಿಷೇಧ ಇದ್ದಾಗ ಬೋಟುಗಳ ರಿಪೇರಿ ನಡೆಯುತ್ತದೆ. ಪರಿಚಯದ ತಂಡೇಲರೊಬ್ಬರನ್ನು ಕೇಳಿದ್ದೆ, ಗ್ಯಾಸ್ ಎಲ್ಲಿಡ್ತೀರಿ ಅಂತ. "ಮಲಗುವಲ್ಲಿ ಯಾರಾದರೂ ಇಡ್ತಾರಾ? ಗ್ಯಾಸ್ ಭಾರ, ಕೆಳಗೆ ಹೋಗಿ ಕೂತುಬಿಡ್ತದೆ" ಅಂದರು. ಅವರು ಹೇಳಿದ್ದು ಸೋರುವ ಗ್ಯಾಸಿನ ಮಾತಾದರೂ, ಮುಚ್ಚಿದ ಡಬ್ಬಿಯಲ್ಲಿ ಬೆಂಕಿ ಮತ್ತು ಮನುಷ್ಯ ಒಟ್ಟಿಗೆ ಇರಬಾರದು ಅನ್ನುವ ಅರಿವು ಅದರಲ್ಲಿತ್ತು. ಇಂಜಿನಿಯರಿಂಗ್ ಓದಿದ ನಾವು ಫ್ಲಾಟ್ ತೋರಿಸುವಾಗ ಬ್ರೋಕರ್ "ಗೀಸರ್ ಉಂಟು ಸರ್" ಅಂದರೆ ಖುಷಿಯಾಗ್ತೇವೆ.

"ಹಾಗಾದರೆ ಕರೆಂಟ್ ಗೀಸರ್ ಹಾಕಿ" ಅನ್ನಬಹುದು ನೀವು. ಹಾಕಿಸಬಲ್ಲವರು ಹಾಕಿಸಲಿ. ಆದರೆ ಹಳೆ ವೈರಿಂಗಿನ ಬಾಡಿಗೆ ಮನೆ, ಮಳೆಗಾಲದ ಕರೆಂಟು, ನಾಲ್ಕು ಜನರ ಬೆಳಗಿನ ಗಡಿಬಿಡಿ, ಇವೆಲ್ಲ ಇರುವ ಕಡೆ ಗ್ಯಾಸ್ ಗೀಸರ್ ನಿಜಕ್ಕೂ ಒಳ್ಳೆಯ ಸಾಮಾನು. ಹಳತಾಯ್ತು ಅಂತ ಎಸೆಯಬೇಕಿಲ್ಲ, ರಿಪೇರಿ ಮಾಡಿಸಿಯೇ ಬಳಸಬಹುದು. ನನ್ನ ವಾದ ಇಷ್ಟೇ: ರಿಪೇರಿಯ ಕ್ರಮ ತಲೆಕೆಳಗಾಗಿದೆ.

ಮೊದಲು ಜಾಗ. ಬಾತ್‌ರೂಮಿನ ಹೊರಗೆ, ಯುಟಿಲಿಟಿಯಲ್ಲೋ ಗಾಳಿಯಾಡುವ ಬಾಲ್ಕನಿಯಲ್ಲೋ ಮಳೆ ತಾಗದ ಹಾಗೆ ಗೀಸರ್ ಇಟ್ಟು, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಎರಡನೆಯದು ಉರಿ. ಬರ್ನರ್ ಮತ್ತು ರೆಕ್ಕೆ ಬಿಚ್ಚಿ ಮಸಿ ತೆಗೆಸಿ, ಜ್ವಾಲೆ ನೀಲಿಯಾಗುವ ತನಕ ರಿಪೇರಿಯವರನ್ನು ಕಳಿಸಬೇಡಿ. ಮೂರನೆಯದಾಗಿ ರಬ್ಬರ್ ಪೈಪು, ಸೋಪಿನ ನೀರು. ಬ್ಯಾಟರಿ, ಡಯಾಫ್ರಂ ಎಲ್ಲ ಕೊನೆಗೆ. ಈಗ ನಾವು ಕೊನೆಯದನ್ನು ಮಾತ್ರ ಮಾಡಿಸಿ ದುಡ್ಡು ಕೊಡ್ತೇವೆ, ಅಂದರೆ ಗಾಳಿಯಿಲ್ಲದ ಕೋಣೆಯಲ್ಲಿ ಕೆಟ್ಟು ಸುಮ್ಮನಿದ್ದ ಬೆಂಕಿಯನ್ನು ದುಡ್ಡು ಕೊಟ್ಟು ಎಬ್ಬಿಸ್ತೇವೆ.

ನಮ್ಮಲ್ಲಿ ಗೀಸರ್ ಈಗ ಹಿಂದಿನ ಬಾಲ್ಕನಿಯಲ್ಲಿದೆ. ಗೋಡೆ ಕೊರೆಯಲು ಓನರ್ ಆಂಟಿ ಮೊದಲು ಒಪ್ಪಲಿಲ್ಲ, ಟೈಲ್ಸ್ ಒಡೆಯುತ್ತೆ ಅಂತ. 4500 ಲೀಟರಿನ ಲೆಕ್ಕ ಕಾಗದದಲ್ಲಿ ಬರೆದು ತೋರಿಸಿದೆ. ಸುಮ್ಮನೆ ಓದಿ, "ಕೆಳಗಿನ ಮನೆಯಲ್ಲೂ ಒಳಗೇ ಉಂಟಲ್ಲ ಮಗಾ, ಅಲ್ಲಿ ಸಣ್ಣ ಮಕ್ಕಳಿದ್ದಾರೆ" ಅಂದರು. ಮುಂದಿನ ವಾರ ಎರಡು ಗೋಡೆ ಕೊರೆಸಿದರು.

ನಿಮ್ಮ ಮನೆಯದು ಎಲ್ಲಿದೆ? ಇವತ್ತೇ ಒಮ್ಮೆ ನೋಡಿ. ಊರಲ್ಲಿ ಅಪ್ಪ ಅಮ್ಮ ಇದ್ದರೆ ಫೋನ್ ಮಾಡಿ ಕೇಳಿ, ಗೀಸರ್ ಸರಿ ಇದೆಯಾ ಅಂತಲ್ಲ, ಗೀಸರ್ ಎಲ್ಲಿದೆ ಅಂತ.