ಗುಂಗುರು ಕೂದಲಿಗೆ ಬೇಕಾದದ್ದು ನೀರು, ಇಸ್ತ್ರಿಯಲ್ಲ

ಗಲ್ಫ್‌ನಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಊರಿನ ಮಳೆ, ವಿಮಾನದ ಟಿಕೆಟ್ ದರ, ಆಮೇಲೆ ಕೂದಲು ಉದುರುವ ವಿಚಾರ ಬಂದೇ ಬರುತ್ತದೆ. ಇಲ್ಲಿನ ನೀರನ್ನು ಬೈಯದವರು ಕಡಿಮೆ. ಆದರೆ ನಾವು ಮಾತಾಡುವುದೆಲ್ಲ ನೆಟ್ಟಗಿನ ಕೂದಲಿನ ಬಗ್ಗೆ. ಸ್ಪ್ರಿಂಗಿನಂತೆ ಬಿಗಿಯಾಗಿ ಸುರುಳಿ ಸುತ್ತಿದ ಕೂದಲಿನವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ನಮ್ಮಿಂದ ಸಿಗುವುದು ಎರಡೇ: ಒಂದು ತಮಾಷೆ, ಇನ್ನೊಂದು ‘ಸ್ಟ್ರೇಟನಿಂಗ್ ಮಾಡಿಸಿಬಿಡು’ ಎಂಬ ಬಿಟ್ಟಿ ಸಲಹೆ. ಇವೆರಡನ್ನೂ ನಿಲ್ಲಿಸಬೇಕು ಎಂಬುದು ನನ್ನ ವಾದ.

ಕೀನ್ಯಾ, ಉಗಾಂಡ, ಇಥಿಯೋಪಿಯಾದಿಂದ ಬಂದವರು ನಮ್ಮೊಡನೆ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ನೋಡಿ ‘ಬೇರೆ ದೇಶದವರ ಕೂದಲು’ ಎನ್ನುವ ನಮಗೆ ನಮ್ಮ ಉತ್ತರ ಕನ್ನಡವೇ ಮರೆತುಹೋಗಿರುತ್ತದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡು ಕಡೆಯ ಸಿದ್ದಿ ಜನ ಕನ್ನಡ, ಕೊಂಕಣಿ ಆಡುವ ನಮ್ಮವರು. ಶತಮಾನಗಳ ಹಿಂದೆ ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಆಫ್ರಿಕಾದಿಂದ ಕರೆತಂದವರ ಸಂತತಿ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾದರೂ ಸಿದ್ದಿ ಹುಡುಗಿಯೊಬ್ಬಳು ಊರು ಬಿಟ್ಟು ಹೊರಗೆ ಬಂದರೆ ‘ನೀನು ಯಾವ ದೇಶದವಳು?’ ಎಂದು ಕೇಳಲು ಜನ ಹಿಂಜರಿಯುವುದಿಲ್ಲ. ಆ ಪ್ರಶ್ನೆ ಹುಟ್ಟುವುದು ಅವಳ ಕೂದಲನ್ನು ನೋಡಿಯೇ.

ಈ ಕೂದಲಿನ ಗುಣವನ್ನು ಮೊದಲು ತಿಳಿದುಕೊಳ್ಳೋಣ. ನೆತ್ತಿಯ ಚರ್ಮದಲ್ಲಿ ಒಸರುವ ಎಣ್ಣೆಯಂಶ ನೆಟ್ಟಗಿನ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೂ ಇಳಿಯುತ್ತದೆ. ಸುರುಳಿಯಲ್ಲಿ ಅದು ಇಳಿಯಲಾರದು. ಹಾಗಾಗಿ ಬುಡದಲ್ಲಿ ಎಣ್ಣೆ ಇದ್ದರೂ ತುದಿ ಒಣಗುತ್ತದೆ. ಜೊತೆಗೆ ಪ್ರತಿಯೊಂದು ತಿರುವಿನಲ್ಲೂ ಎಳೆ ದುರ್ಬಲ, ಬಾಚಣಿಗೆ ಜಗ್ಗಿದಲ್ಲಿ ಮುರಿಯುತ್ತದೆ. ‘ಇವರ ಕೂದಲು ಬೆಳೆಯುವುದೇ ಇಲ್ಲ’ ಎನ್ನುವುದು ಸುಳ್ಳು. ಬೆಳೆಯುತ್ತದೆ, ಆದರೆ ಸುರುಳಿಯಲ್ಲಿ ಅಡಗಿರುತ್ತದೆ, ಇಲ್ಲವೇ ಒಣಗಿ ತುದಿಯಲ್ಲಿ ಮುರಿದುಹೋಗಿರುತ್ತದೆ.

ಆದ್ದರಿಂದ ನಮ್ಮ ಅಜ್ಜಿಯರ ಪದ್ಧತಿ ಇಲ್ಲಿ ಹಾಗೇ ನಡೆಯುವುದಿಲ್ಲ. ಒಣಕೂದಲಿಗೆ ಎಣ್ಣೆ ಸುರಿದು, ಸೀಗೆಪುಡಿ ಹಾಕಿ ಗಸಗಸ ತಿಕ್ಕಿದರೆ ಪುಡಿ ಸುರುಳಿಯೊಳಗೆ ಸಿಕ್ಕಿಕೊಳ್ಳುತ್ತದೆ, ಎಳೆ ಇನ್ನಷ್ಟು ಒಣಗುತ್ತದೆ. ಎಣ್ಣೆ ತೇವ ಕೊಡುವುದಿಲ್ಲ, ಇರುವ ತೇವವನ್ನು ಕಾಯುತ್ತದೆ. ಮೊದಲು ನೀರು, ಆಮೇಲೆ ಎಣ್ಣೆ. ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದರ್ಧಕ್ಕೆ ದುಬಾರಿ ಸಾಮಾನು ಬೇಡ. ವಾರಕ್ಕೊಮ್ಮೆ ತಲೆ ತೊಳೆದರೆ ಸಾಕು. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಆ ಎಣ್ಣೆ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಶಾಂಪೂ ನೆತ್ತಿಗೆ ಮಾತ್ರ ಸಾಕು, ಇಳಿಯುವ ನೊರೆಯೇ ಉಳಿದದ್ದನ್ನು ತೊಳೆಯುತ್ತದೆ. ಆಮೇಲೆ ಕಂಡಿಷನರ್ ಹಚ್ಚಿ, ಕೂದಲನ್ನು ನಾಲ್ಕು ಭಾಗ ಮಾಡಿ, ಒದ್ದೆ ಇರುವಾಗಲೇ ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ಕಂಡಿಷನರ್ ಬದಲು ದಾಸವಾಳದ ಎಲೆಯ ಲೋಳೆ, ಲೋಳೆಸರ, ನೀರಲ್ಲಿ ಕುದಿಸಿ ಸೋಸಿದ ಅಗಸೆ ಬೀಜದ ಲೋಳೆ ಆಗುತ್ತದೆ. ಕೂದಲು ಇನ್ನೂ ತೇವವಾಗಿರುವಾಗಲೇ ನಾಲ್ಕು ಹನಿ ಎಣ್ಣೆ ಅಥವಾ ಶಿಯಾ ಬೆಣ್ಣೆ ಸವರಿ ಸಡಿಲವಾಗಿ ಹೆಣೆದುಕೊಳ್ಳಿ. ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗಬಹುದು. ಅರಬರು ತಲೆಮಾರುಗಳಿಂದ ತಲೆ ತೊಳೆಯಲು ಬಳಸುವ ಸಿದ್ರ್ ಎಲೆಪುಡಿ ಇಲ್ಲಿ ಸಿಗುತ್ತದೆ. ಅದು ನಮ್ಮ ಬೋರೆ ಹಣ್ಣಿನ ಮರದ ಕುಲದ್ದೇ. ಬಳಸುವುದಾದರೆ ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಮಾತ್ರ ಹಾಕಿ.

ಗಲ್ಫ್‌ನಲ್ಲಿ ಇನ್ನೆರಡು ತೊಂದರೆಗಳಿವೆ. ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರು ಕೈ ಸುಡುತ್ತದೆ. ಬಿಸಿನೀರು ಇರುವ ಎಣ್ಣೆಯಂಶವನ್ನೂ ತೊಳೆದುಬಿಡುತ್ತದೆ. ರಾತ್ರಿಯೇ ಬಕೆಟ್ ತುಂಬಿಸಿಟ್ಟುಕೊಳ್ಳಿ, ಇಲ್ಲವೇ ಆಫ್ ಮಾಡಿದ ಗೀಸರಿನ ನೀರು ಬಳಸಿ. ಆ ಉಪಾಯ ನಮ್ಮ ಕ್ಯಾಂಪಿನವರಿಗೆಲ್ಲ ಗೊತ್ತಿದ್ದದ್ದೇ. ಇನ್ನೊಂದು, ರಾತ್ರಿಯಿಡೀ ಓಡುವ ಏಸಿ. ಅದು ಗಾಳಿಯ ತೇವ ಹೀರಿದರೆ, ಹತ್ತಿಯ ದಿಂಬು ಕೂದಲಿನ ತೇವ ಹೀರುತ್ತದೆ. ತಲೆಗೊಂದು ಸ್ಯಾಟಿನ್ ಬಟ್ಟೆ ಕಟ್ಟಿ ಮಲಗಿದರೆ ಸಾಕು. ಸೈಟಿನಲ್ಲಿ ಹೆಲ್ಮೆಟ್ ಹಾಕುವವರಿಗೂ ಒಳಗೆ ತೆಳ್ಳನೆಯ ಸ್ಯಾಟಿನ್ ಒಳ್ಳೆಯದು, ಆದರೆ ಹೆಲ್ಮೆಟ್ ಸಡಿಲವಾಗಬಾರದು. ಗಂಡಸರು ರೇಜರ್‌ನಿಂದ ನುಣ್ಣಗೆ ಬೋಳಿಸಿದರೆ ಸುರುಳಿ ಕೂದಲು ಚರ್ಮದೊಳಗೇ ತಿರುಗಿ ಗುಳ್ಳೆಯಾಗುತ್ತದೆ. ಟ್ರಿಮ್ಮರ್‌ನಲ್ಲಿ ಸ್ವಲ್ಪ ಉಳಿಸಿ ಕತ್ತರಿಸುವುದೇ ಮೇಲು.

‘ಇಷ್ಟೆಲ್ಲ ಪಾಡು ಯಾಕೆ, ಒಮ್ಮೆ ಸ್ಟ್ರೇಟನಿಂಗ್ ಮಾಡಿಸಿದರೆ ಆಯಿತಲ್ಲ’ ಎಂದು ಕೇಳುವವರಿದ್ದಾರೆ. ಒಮ್ಮೆಗೆ ಆಗುವುದಿಲ್ಲ. ಬುಡದಿಂದ ಹೊಸದಾಗಿ ಬರುವುದು ಮತ್ತೆ ಸುರುಳಿಯೇ, ಸಂಬಳದಲ್ಲಿ ಮತ್ತೆ ಮತ್ತೆ ದುಡ್ಡು ತೆಗೆದಿಡಬೇಕು. ಕೆಲವು ಕ್ರೀಮುಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಕೆಲವು ಕೆರಾಟಿನ್ ಚಿಕಿತ್ಸೆಗಳಲ್ಲಿ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಪದೇ ಪದೇ ಸ್ಟ್ರೇಟನರ್ ಬಳಸಿದ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿದೆ ಎಂದು 2022ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಜ್ಞಾನಿಗಳು ಪ್ರಕಟಿಸಿದರು. ಸ್ಟ್ರೇಟನರ್ರೇ ಕಾರಣವೆಂದು ಅದರಿಂದ ಸಾಬೀತಾಗಿಲ್ಲ, ನಿಜ. ಆದರೆ ಎಚ್ಚರವಿರಲು ಅಷ್ಟು ಸಾಲದೇ? ಸ್ವಂತ ಇಷ್ಟದಿಂದ ಮಾಡಿಸಿಕೊಳ್ಳುವವರನ್ನು ತಡೆಯಲು ನಾವು ಯಾರು? ಆದರೆ ನಗೆಗೆ ಹೆದರಿ, ಕೆಲಸ ಹೋದೀತೆಂಬ ಅಂಜಿಕೆಯಿಂದ ಮಾಡಿಸಿದರೆ ಅದು ಇಷ್ಟವಲ್ಲ, ಒತ್ತಾಯ. ಆ ಒತ್ತಾಯ ಸಲ್ಲದೆಂದೇ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ತಂದು, ಕೂದಲಿನ ಸ್ವರೂಪ ನೋಡಿ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು.

ನಮಗೆ ಕಾನೂನೇ ಬೇಕೆಂದಿಲ್ಲ. ಗಲ್ಫ್‌ನ ಕನ್ನಡ ಸಂಘಗಳು ಮನಸ್ಸು ಮಾಡಿದರೆ ಸಾಕು. ಮಕ್ಕಳ ವೇಷಭೂಷಣ ಸ್ಪರ್ಧೆಯಲ್ಲಿ ಮುಖಕ್ಕೆ ಕಪ್ಪು ಬಳಿದು, ಗುಂಗುರು ವಿಗ್ ಹಾಕಿ ‘ಕಾಡುಜನ’ ಎಂದು ಕುಣಿಸುವುದು ಬೇಡ. ಕಿರುನಾಟಕಗಳಲ್ಲಿ ‘ಬ್ರಷ್’, ‘ಸ್ಕ್ರಬ್ಬರ್’ ಎಂದು ಕರೆದು ನಗಿಸುವುದೂ ಬೇಡ. ಸಭಾಂಗಣದಲ್ಲಿ ಅಂಥದೇ ಕೂದಲಿನ ಒಂದು ಮಗು ಕೂತಿರುತ್ತದೆ, ಎಲ್ಲರೂ ನಗುವಾಗ ಅದು ತನ್ನ ತಲೆ ಮುಟ್ಟಿ ನೋಡಿಕೊಳ್ಳುತ್ತದೆ. ಮನೆಗೆ ಹೋಗಿ ಅಮ್ಮನ ಹತ್ತಿರ ಸ್ಟ್ರೇಟನರ್ ಕೇಳುತ್ತದೆ.

ಈ ವರ್ಷ ಹಾಗಾಗದಂತೆ ನೋಡಿಕೊಳ್ಳೋಣ. ನಿಮ್ಮ ರೂಮಿನಲ್ಲೋ ಕೆಲಸದ ಜಾಗದಲ್ಲೋ ಇಂಥ ಕೂದಲಿನವರಿದ್ದರೆ ಸಲಹೆ ಕೊಡಲು ಹೋಗಬೇಡಿ. ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿ. ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ.