ಗೆರೆ ಕೆಳಕ್ಕೆ ಸರಿದ ರಾತ್ರಿ

2024ರ ಅಕ್ಟೋಬರ್ 7, ಸೋಮವಾರ. ಆಫೀಸ್ ಕಾಲ್ ಮ್ಯೂಟ್‌ನಲ್ಲಿಟ್ಟು ಟ್ಯಾಂಪಾದ ನನ್ನ ಅಪಾರ್ಟ್‌ಮೆಂಟಿನಲ್ಲಿ ನಾನು ನೋಡ್ತಾ ಕೂತಿದ್ದದ್ದು ಮೆಕ್ಸಿಕೊ ಕೊಲ್ಲಿಯ ನಕ್ಷೆ. ಮಿಲ್ಟನ್ ಚಂಡಮಾರುತ ಒಂದೇ ದಿನದಲ್ಲಿ ಕೆಟಗರಿ 5 ಮುಟ್ಟಿತ್ತು. ಗಾಳಿ ಗಂಟೆಗೆ 285 ಕಿ.ಮೀ. ಹನ್ನೊಂದು ದಿನದ ಹಿಂದೆ ಹೆಲೀನ್ ನೆನೆಸಿ ಹೋಗಿದ್ದ ಸೋಫಾ, ಹಾಸಿಗೆಗಳು ಇನ್ನೂ ರಸ್ತೆ ಬದಿಯಲ್ಲೇ ಬಿದ್ದಿದ್ವು.

ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತೆ. ಯುರೋಪಿನ ಮಾಡೆಲ್‌ನ ರಾತ್ರಿ ರನ್ ನಮಗೆ ಸಿಗೋದು ಎರಡು ಗಂಟೆ ಹೊತ್ತಿಗೆ. ಆರಂಭದ ಸ್ಥಿತಿಯನ್ನು ಚೂರುಚೂರು ಬದಲಿಸಿ ಅದೇ ಲೆಕ್ಕವನ್ನು ಐವತ್ತು ಸಲ ಮಾಡಿಸ್ತಾರೆ, ಅದು ಎನ್ಸೆಂಬಲ್. ಎಲ್ಲ ಗೆರೆ ಒಟ್ಟಿಗೆ ಹಾಕಿದರೆ ಶ್ಯಾವಿಗೆ ಚೆಲ್ಲಿದ ಹಾಗೆ ಕಾಣುತ್ತೆ. ನಾನೂ ಕೋಡ್ ಬರೆಯೋನೇ. ಬಿಲ್ಡ್ ಪಾಸ್ ಆಗ್ಲಿ ಅಂತ ಕಾಯೋ ಹಾಗೆ ಪ್ರತಿ ರನ್‌ಗೂ ರಿಫ್ರೆಶ್ ಒತ್ತುತ್ತಿದ್ದೆ.

ನನ್ನ ಮನೆ ಇದ್ದದ್ದು ಎ ವಲಯದಲ್ಲಿ. ಖಾಲಿ ಮಾಡಿ ಅಂತ ಆದೇಶ ಬಂದಿತ್ತು. ಆದರೂ 'ಇನ್ನೊಂದು ರನ್ ನೋಡೋಣ' ಅಂತ ತಳ್ಳುತ್ತಿದ್ದೆ. ರಾತ್ರಿ ಎರಡಕ್ಕೆ ಹಾಸನದಿಂದ ಅಮ್ಮನ ಫೋನ್.

"ಎಲ್ಲಿಗೆ ಬಂತೋ ಅದು?"

"ಗೆರೆ ಸ್ವಲ್ಪ ಸರಿಯಬಹುದು ಅಮ್ಮ, ನೋಡ್ತಾ ಇದೀನಿ."

"ಹೊರಡು ಅಂದೋರು ಆ ಗೆರೆ ನೋಡದೇ ಹೇಳಿದ್ರಾ? ಮೊದಲು ಹೊರಡು."

ಮಂಗಳವಾರ ಬೆಳಿಗ್ಗೆ ಆರ್ಲ್ಯಾಂಡೊದ ಗೆಳೆಯನ ಮನೆಗೆ ಹೊರಟೆ. ಅವತ್ತು ರಾತ್ರಿ ಗೆರೆಗಳು ದಕ್ಷಿಣಕ್ಕೆ, ಸಾರಾಸೋಟಾ ಕಡೆಗೆ ಸರಿದವು. "ಸದ್ಯ!" ಅಂತ ಜೋರಾಗೇ ಅಂದೆ. ಅಷ್ಟರಲ್ಲಿ ಟೀಮ್ ಗ್ರೂಪಿನಲ್ಲಿ ಸಹೋದ್ಯೋಗಿಯೊಬ್ಬಳ ಮೆಸೇಜು: 'ಈಗ ನಮ್ಮ ಕಡೆ ತಿರುಗಿದೆ.' ಅವಳ ಮನೆ ಸಾರಾಸೋಟಾದಲ್ಲಿ. ನಾನು ಖುಷಿಪಟ್ಟದ್ದು ಯಾವುದಕ್ಕೆ ಅಂತ ಆಗ ಗೊತ್ತಾಯಿತು. ಏನು ಉತ್ತರ ಬರೀಬೇಕು ಅಂತ ತೋಚಲಿಲ್ಲ.

ಬುಧವಾರ ರಾತ್ರಿ ಮಿಲ್ಟನ್ ಸಿಯೆಸ್ಟಾ ಕೀ ಬಳಿ ದಡ ಮುಟ್ಟಿತು, ಕೆಟಗರಿ 3 ಆಗಿ. ಟ್ಯಾಂಪಾದಿಂದ ಅದು ಸುಮಾರು 75 ಕಿ.ಮೀ. ಅಷ್ಟೇ ಅಂತರ ಎಲ್ಲ ಬದಲಿಸಿತು. ಇಲ್ಲಿ ಚಂಡಮಾರುತದ ಗಾಳಿ ಎಡಕ್ಕೆ ತಿರುಗುತ್ತೆ. ಕೇಂದ್ರ ನಮ್ಮ ದಕ್ಷಿಣಕ್ಕೆ ಹೋದದ್ದರಿಂದ ಗಾಳಿ ಟ್ಯಾಂಪಾ ಕೊಲ್ಲಿಯ ನೀರನ್ನು ಸಮುದ್ರದ ಕಡೆ ತಳ್ಳಿತು. ಮೂರರಿಂದ ನಾಲ್ಕೂವರೆ ಮೀಟರ್ ನೀರು ಏರಬಹುದು ಅಂತಿದ್ದ ಕಡೆ ತಳ ಕಾಣಿಸ್ತು. ಕೇಂದ್ರದ ದಕ್ಷಿಣಕ್ಕಿದ್ದ ಊರುಗಳಿಗೆ ಸಮುದ್ರವೇ ನುಗ್ಗಿತು. ಹಾಗಂತ ನಾವೂ ಪೂರ್ತಿ ಪಾರಾಗಲಿಲ್ಲ: ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಹೆಚ್ಚು ಮಳೆ. ಚಂಡಮಾರುತ ದಡ ಮುಟ್ಟುವ ಮೊದಲೇ, ರಾಜ್ಯದ ಇನ್ನೊಂದು ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿಗೆ ಆರು ಜನ ಸತ್ತರು.

ನಕ್ಷೆಯ ಮೇಲಿನ ಶಂಕುವನ್ನು ನಾವು ತಪ್ಪು ಓದ್ತೀವಿ. ಅದು ಚಂಡಮಾರುತದ ಕೇಂದ್ರ ಎಲ್ಲಿ ಹೋಗಬಹುದು ಅಂತ ಮಾತ್ರ ಹೇಳುತ್ತೆ. ಮೂರರಲ್ಲಿ ಒಂದು ಸಲ ಕೇಂದ್ರವೇ ಅದರಿಂದ ಹೊರಗೆ ಹೋಗುತ್ತೆ. ಮಳೆ, ಗಾಳಿ, ನೀರು ಎಲ್ಲಿವರೆಗೆ ಅನ್ನೋದು ಅದರಲ್ಲಿ ಇರಲ್ಲ.

ಸಹೋದ್ಯೋಗಿ ಮೊದಲೇ ಮನೆ ಬಿಟ್ಟಿದ್ದಳು. ವಾಪಸ್ ಬಂದು ನೋಡಿದರೆ ಮನೆಯೊಳಗೆ ಮೊಣಕಾಲುದ್ದ ಕೆಸರು. ಮುಂದಿನ ಶನಿವಾರ ನಾವು ನಾಲ್ಕು ಜನ ಸಲಿಕೆ ಹಿಡಿದು ಹೋದ್ವಿ. 'ಸದ್ಯ' ಅಂದದ್ದನ್ನ ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ.